ಸೊಸೈಟಿಗಳ ಕಸ ಎತ್ತಿ ವಿಲೇವಾರಿ ಮಾಡುವ ಕಂಪನಿ: ಗಾಡಿ, ಜನ, ಲೆಕ್ಕ ಎಲ್ಲ ಹೇಗೆ?

ವಾಕಡ್ ಕನ್ನಡಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪುಣೆ ಪಕ್ಕದ ವಾಕಡ್, ಹಿಂಜವಡಿ ಭಾಗದ ಆರು ಹೌಸಿಂಗ್ ಸೊಸೈಟಿಗಳು ಮತ್ತು ಎರಡು ಹೋಟೆಲುಗಳು ದಿನದ ಕಸ ಎತ್ತಿ ವಿಲೇವಾರಿ ಮಾಡಲು ಕೊಟೇಶನ್ ಕೇಳಿವೆ. ಒಟ್ಟು ಸುಮಾರು 3,000 ಮನೆಗಳು. ನಮ್ಮದು ಸಾಗಣೆ ವ್ಯವಹಾರ, ಗಾಡಿ-ಡ್ರೈವರ್ ಲೆಕ್ಕ ಗೊತ್ತು, ಕಸದ್ದು ಹೊಸದು. ಎಷ್ಟು ಗಾಡಿ, ಎಷ್ಟು ಜನ ಬೇಕು? ಎತ್ತಿದ ಮೇಲೆ ಹಸಿ ಕಸ, ಒಣ ಕಸ, ಉಳಿದದ್ದು ಎಲ್ಲಿ ಹೋಗಬೇಕು, ಅಲ್ಲಿ ಏನಾಗುತ್ತದೆ? ಇಂಥ ಕಂಪನಿಗಳು ಎಲ್ಲಿ ಎಡವುತ್ತವೆ? ಬಲ್ಲವರು ಅಂಕಿಯೊಂದಿಗೆ ಹೇಳಿದರೆ ಉಪಕಾರ.

ಭೋಸರಿ ಗ್ಯಾರೇಜ್:

ಸರ್, ತೂಕದ ಲೆಕ್ಕ ಬೇರೆ, ಜಾಗದ ಲೆಕ್ಕ ಬೇರೆ. ಎರಡನ್ನೂ ಹಾಕದೆ ಕೊಟೇಶನ್ ಕೊಡಬೇಡಿ.

ದೊಡ್ಡ ಊರುಗಳಲ್ಲಿ ಒಬ್ಬರಿಗೆ ದಿನಕ್ಕೆ 400ರಿಂದ 500 ಗ್ರಾಂ ಕಸ ಬರುತ್ತದೆ. ನಾಲ್ವರ ಮನೆಗೆ 1.6ರಿಂದ 2 ಕೆ.ಜಿ. ನಿಮ್ಮ 3,000 ಮನೆಗೆ 5ರಿಂದ 6 ಟನ್. ಇದರಲ್ಲಿ ಹಸಿ ಕಸ 3 ಟನ್, ಒಣ ಕಸ 2 ಟನ್ ಹಿಡಿಯಿರಿ. ಉಳಿದದ್ದು ಡೈಪರ್, ಪ್ಯಾಡ್, ಗುಡಿಸಿದ ಧೂಳು. ಹಸಿ ಕಸ ಘನ ಮೀಟರಿಗೆ 450-500 ಕೆ.ಜಿ. ತೂಗುವುದರಿಂದ 3 ಟನ್ನಿಗೆ 6-7 ಘನ ಮೀಟರ್ ಸಾಕು. ಒಣ ಕಸ ಘನ ಮೀಟರಿಗೆ 100 ಕೆ.ಜಿ. ಆಸುಪಾಸು, ಅಂದರೆ 2 ಟನ್ನಿಗೆ 20 ಘನ ಮೀಟರ್. ಹಸಿಯಲ್ಲಿ ಮೊದಲು ಬಗ್ಗುವುದು ಗಾಡಿಯ ಪಾಟಾ (ಸ್ಪ್ರಿಂಗ್ ಪಟ್ಟಿ), ಒಣದರಲ್ಲಿ ಮೊದಲು ಮುಗಿಯುವುದು ಡಬ್ಬಿಯ ಜಾಗ. ಹಾಗಾಗಿ ಎರಡಕ್ಕೂ ಒಂದೇ ಗಾಡಿ ಹೊಂದುವುದಿಲ್ಲ.

ಟಾಟಾ ಏಸ್ ಮಾದರಿಯ ಘಂಟಾಗಾಡಿ (ಮನೆಮನೆ ಕಸದ ಚಿಕ್ಕ ಗಾಡಿ) ಹಾಪರ್, ಅಂದರೆ ಕಸದ ಡಬ್ಬಿ, ಸೇರಿ ಒಂದು ಟ್ರಿಪ್ಪಿಗೆ 600-700 ಕೆ.ಜಿ. ಹಸಿ ಕಸ ಹೊರುತ್ತದೆ. 3 ಟನ್ನಿಗೆ ಐದು ಟ್ರಿಪ್. ಅದು ಓಣಿಯ ಗಾಡಿ, ಗೇಟು ದೊಡ್ಡದಿರುವ ಸೊಸೈಟಿಗೆ ಬೇಡ. ಬಿನ್ ಎತ್ತುವ ಲಿಫ್ಟರ್ ಇರುವ, 3 ಟನ್ ಹೊರುವ, ಮುಚ್ಚಿದ ಟಿಪ್ಪರ್ ಒಂದು ತಗೊಳ್ಳಿ. ಒಣ ಕಸಕ್ಕೆ ಎತ್ತರದ ಜಾಲರಿ ಕಟ್ಟಿದ 10-12 ಘನ ಮೀಟರಿನ ಪಿಕಪ್ ಸಾಕು, ಆದರೆ ಸೊಸೈಟಿಗಳನ್ನು ಎರಡು ಗುಂಪು ಮಾಡಿ ದಿನ ಬಿಟ್ಟು ದಿನ ಒಂದೊಂದು ಗುಂಪಿಗೆ ಹೋಗಬೇಕು, ದಿನಕ್ಕೆ ಎರಡು ಟ್ರಿಪ್. ಹಸಿ ಕಸ ಒಂದು ದಿನವೂ ತಪ್ಪಕೂಡದು. ಒಣ ಕಸ ಮೂರು ದಿನ ಇದ್ದರೂ ನಾರುವುದಿಲ್ಲ, ಹಸಿ ಬೆರೆಯದಿದ್ದರೆ.

ಬಿನ್: 240 ಲೀಟರಿನ ಗಾಲಿ ಬಿನ್ನಿನಲ್ಲಿ ಹಸಿ ಕಸ 100-120 ಕೆ.ಜಿ. ಹಿಡಿಸುತ್ತದೆ. 3 ಟನ್ನಿಗೆ 28-30 ತುಂಬಿದ ಬಿನ್. ಖಾಲಿ ಬಿನ್ ಅಲ್ಲೇ ಬಿಟ್ಟು ತುಂಬಿದ್ದು ತರುವ ಪದ್ಧತಿಯಾದರೆ ಎರಡು ಪಟ್ಟು ಬೇಕು. ಅಲ್ಲೇ ಸುರಿದು ಅಲ್ಲೇ ಬಿಡುವುದಾದರೆ 40. ಲಿಫ್ಟರ್ ಇದ್ದರೆ ಬಿನ್ನಿಗೆ ಒಂದೂವರೆ ನಿಮಿಷ. ಲಿಫ್ಟರ್ ಇಲ್ಲದೆ 100 ಕೆ.ಜಿ. ಬಿನ್ ಇಬ್ಬರು ಎತ್ತಿ ಸುರಿಯುವ ಪದ್ಧತಿಗೆ ದಯವಿಟ್ಟು ಹೋಗಬೇಡಿ. ಆಳುಗಳ ಸೊಂಟ ವರ್ಷದೊಳಗೆ ಹೋಗುತ್ತದೆ.

ಜನ: ಹಸಿ ಗಾಡಿಗೆ ಡ್ರೈವರ್ ಮತ್ತು ಇಬ್ಬರು, ಒಣ ಗಾಡಿಗೂ ಅಷ್ಟೇ. ವಾರದ ರಜೆ ಲೆಕ್ಕಕ್ಕೆ ಪ್ರತಿ ಆರು ಜಾಗಕ್ಕೆ ಏಳು ಜನ. ಅದರ ಮೇಲೂ ಒಬ್ಬರು ಕೈಯಲ್ಲಿರಲಿ: ನಮ್ಮ ಕಲಬುರಗಿ, ಯಾದಗಿರಿ ಕಡೆಯವರು ದೀಪಾವಳಿಗೆ ಊರಿಗೆ ಹೋಗುವ ವಾರವೇ ಕಸ ಏರುತ್ತದೆ.

ಗಾಡಿ ಕೆಡುವುದು ಎಂಜಿನ್ನಿನಿಂದ ಅಲ್ಲ. ಹೈಡ್ರಾಲಿಕ್ ಹೋಸ್ ಒಡೆಯುವುದು, ಸಿಲಿಂಡರ್ ಸೀಲ್ ಸೋರುವುದು, ಕಸದ ನೀರಿನ ಆಮ್ಲಕ್ಕೆ ಡಬ್ಬಿಯ ತಳ ತೂತಾಗುವುದು, ಡೆಪೋದಲ್ಲಿ ಮೊಳೆ ಚುಚ್ಚಿ ಟಯರ್ ಹೋಗುವುದು. ಎರಡು ಹೋಸ್, ಒಂದು ಸೀಲ್ ಕಿಟ್ ಸ್ಟಾಕಿನಲ್ಲಿರಲಿ. ಟಿಪ್ಪರಿನ ತಳದಲ್ಲಿ ಕಸದ ನೀರಿನ ಟ್ಯಾಂಕ್ ಮತ್ತು ಕಾಕ್ ಇರುವುದನ್ನೇ ನೋಡಿ ಕೊಳ್ಳಿ. ಹಿಂಬಾಗಿಲಿನ ರಬ್ಬರ್ ಸವೆದರೆ ರಸ್ತೆಯುದ್ದ ತೊಟ್ಟಿಕ್ಕುತ್ತದೆ, ದೂರು ಅಲ್ಲಿಂದಲೇ ಶುರು.

ಕಸ ಒತ್ತಿ ತುಂಬುವ ಕಾಂಪ್ಯಾಕ್ಟರ್ ಗಾಡಿಯ ಆಸೆ ಬೇಡ. 14 ಘನ ಮೀಟರ್ ಕಾಂಪ್ಯಾಕ್ಟರ್ 7-8 ಟನ್ ಒತ್ತಿ ಒಯ್ಯುತ್ತದೆ ನಿಜ, ಆದರೆ ಒತ್ತಿದ ಒಣ ಕಸವನ್ನು ಮತ್ತೆ ವಿಂಗಡಿಸಲು ಬರುವುದಿಲ್ಲ. ಲಿಥಿಯಂ ಬ್ಯಾಟರಿ ಸಿಕ್ಕಿಕೊಂಡರೆ ಒಳಗೇ ಬೆಂಕಿ.

ಕಸಬಾ ಪೇಠ:

ಮೇಲಿನ ಲೆಕ್ಕ ಸರಿ ಇದೆ. ಒಣ ಕಸದ ಬಗ್ಗೆ ಸೇರಿಸುತ್ತೇನೆ.

ಆ ಸೊಸೈಟಿಗಳಿಗೆ ಈಗ ಬರುತ್ತಿರುವ ಕಸ ಆಯುವವರು ಯಾರು, ಕೊಟೇಶನ್ನಿಗಿಂತ ಮೊದಲು ಅದನ್ನು ಕೇಳಿ. ಪುಣೆಯಲ್ಲಿ ಇದು ದೊಡ್ಡ ಮಾತು. 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘಟನೆ ಹುಟ್ಟಿತು. ಅದೇ ಜನರ 'ಸ್ವಚ್ಛ' ಸಹಕಾರಿ ಸಂಘ 2008ರಿಂದ ಪುಣೆ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಮನೆಮನೆ ಕಸ ಎತ್ತುತ್ತಿದೆ. ಇಬ್ಬರ ಜೋಡಿ ಕೈಗಾಡಿಯೊಂದಿಗೆ 200-300 ಮನೆ ನೋಡಿಕೊಳ್ಳುತ್ತದೆ. ಮನೆಯವರು ಕೊಡುವ ಶುಲ್ಕ, ಮಾರಿದ ರದ್ದಿಯ ಹಣ, ಎರಡೂ ಸೇರಿದರೆ ಅವರ ಸಂಸಾರ. ಹೊಸ ಕಂಪನಿ ಬಂದು ರದ್ದಿ ನಮ್ಮದು ಎಂದರೆ ಅವರ ಅರ್ಧ ಗಳಿಕೆ ಹೋಯಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕೂಡ ಕಸ ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕು ಎಂದೇ ಹೇಳಿದ್ದವು. ಅವರನ್ನೇ ವಿಂಗಡಣೆಗೆ ತೆಗೆದುಕೊಳ್ಳಿ. ಯಾವ ಪ್ಲಾಸ್ಟಿಕ್ ಎಂದು ಮುಟ್ಟಿ ನೋಡಿ, ಸದ್ದು ಕೇಳಿ ಹೇಳುವ ಕೈ ಹೊಸಬರಿಗೆ ಬರಲು ತಿಂಗಳುಗಳು ಬೇಕು.

ಒಬ್ಬರು ಎಂಟು ಗಂಟೆಯಲ್ಲಿ 150ರಿಂದ 250 ಕೆ.ಜಿ. ಒಣ ಕಸ ವಿಂಗಡಿಸುತ್ತಾರೆ. 2 ಟನ್ನಿಗೆ ಹತ್ತು ಜನ. ಶೆಡ್ಡಿಗೆ 2,500 ಚದರ ಅಡಿಗಿಂತ ಕಡಿಮೆ ಇದ್ದರೆ ಒಂದು ದಿನ ಖರೀದಿದಾರ ಬಾರದಿದ್ದರೂ ನಿಲ್ಲಲು ಜಾಗವಿರುವುದಿಲ್ಲ. ಮೇಜಿನ ಮೇಲೆ, ನಿಂತು ಮಾಡುವ ಕೆಲಸ ಇರಲಿ. ನೆಲದಲ್ಲಿ ಕುಕ್ಕರಗಾಲಲ್ಲಿ ಕೂತರೆ ಮಧ್ಯಾಹ್ನದ ಮೇಲೆ ವೇಗ ಇಳಿಯುತ್ತದೆ. ರಟ್ಟು, ಪೆಟ್ ಬಾಟಲಿ, ಹಾಲಿನ ಕವರು, ಗಟ್ಟಿ ಪ್ಲಾಸ್ಟಿಕ್, ಕಬ್ಬಿಣ, ಅಲ್ಯೂಮಿನಿಯಂ, ಇಷ್ಟಕ್ಕೆ ಗಿರಾಕಿ ಸದಾ ಇದ್ದಾನೆ. ಚಿಪ್ಸ್ ಪೊಟ್ಟಣದಂಥ ಪದರದ ಪ್ಲಾಸ್ಟಿಕ್, ಥರ್ಮೊಕೋಲ್, ಹಳೇ ಬಟ್ಟೆ, ಚಪ್ಪಲಿ ಉಳಿಯುತ್ತವೆ. ಹೀಗೆ ಉಳಿಯುವುದು ಚೆನ್ನಾಗಿ ವಿಂಗಡಿಸುವ ಶೆಡ್ಡಿನಲ್ಲೂ 20-30 ಪರ್ಸೆಂಟ್. ಇದನ್ನು ಕಳಿಸುವ ಖರ್ಚು ನಿಮ್ಮದೇ, ಕೊಟೇಶನ್ನಿನಲ್ಲಿ ಬೇರೆ ಸಾಲು ಹಾಕಿ.

ಒದ್ದೆಯಾದ ರಟ್ಟಿಗೆ ಖರೀದಿದಾರ ತೂಕ ಮುರಿಯುತ್ತಾನೆ, ಅನ್ನ-ಸಾರು ತಾಗಿದ ಕಾಗದವನ್ನು ಮುಟ್ಟುವುದೇ ಇಲ್ಲ.

ಡೈಪರ್, ಪ್ಯಾಡ್ ಬೇರೆಯಾಗಿಯೇ ಬರಬೇಕು. ಪುಣೆಯಲ್ಲಿ 'ರೆಡ್ ಡಾಟ್' ಎಂದು ನಡೆಯುತ್ತಿರುವ ಕ್ರಮ ಸರಳ: ಹಳೇ ಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡುವುದು. ಆಯುವವರು ಬಿಚ್ಚಿ ನೋಡಬೇಕಾಗುವುದಿಲ್ಲ. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಮುಚ್ಚಿ ಕೊಡಿ ಎಂದು ಸೊಸೈಟಿ ನೋಟಿಸ್ ಬೋರ್ಡಿನಲ್ಲಿ ಬರೆಸಿ. ಕೈಗೆ ಚುಚ್ಚುವ ಸೂಜಿ ಬಹುಪಾಲು ಮನೆಗಳಿಂದಲೇ ಬರುತ್ತದೆ. ರಬ್ಬರ್ ಪದರದ ಕೈಗವಸು, ಗಂಬೂಟು, ಧನುರ್ವಾಯು ಚುಚ್ಚುಮದ್ದು ಇವು ನಿಮ್ಮ ಖರ್ಚು, ಆಳಿನದಲ್ಲ.

ಎರೆಹುಳು:

ಹಸಿ ಕಸದ ಬಗ್ಗೆ. ದಿನಕ್ಕೆ 100 ಕೆ.ಜಿ. ಮೀರಿ ಕಸ ಬರುವವರು ನಿಯಮದಂತೆ ಬಲ್ಕ್ (ಭಾರಿ ಕಸ ಹುಟ್ಟಿಸುವವರ) ಲೆಕ್ಕಕ್ಕೆ ಬರುತ್ತಾರೆ. ಅಂದರೆ 55-60 ಮನೆ ಇದ್ದರೂ ಸಾಕು, ನಿಮ್ಮ ಆರೂ ಸೊಸೈಟಿಗಳು ಆ ಸಾಲಿನವೇ. ಆದಷ್ಟು ಅವರ ಆವರಣದಲ್ಲೇ ಗೊಬ್ಬರ ಮಾಡಿಸಿ, ಅದನ್ನು ನೋಡಿಕೊಳ್ಳುವ ಸಂಬಳ ನೀವು ಪಡೆಯಿರಿ ಎಂಬುದು ನನ್ನ ಸಲಹೆ. 3 ಟನ್ ಹೊತ್ತು ತಿರುಗುವುದಕ್ಕಿಂತ ಅದು ಮೇಲು, ಏಕೆಂದರೆ ಅದರಲ್ಲಿ 2 ಟನ್ನಿಗೂ ಹೆಚ್ಚು ಬರೀ ನೀರು. ಡೀಸೆಲ್ ಸುಟ್ಟು ಸಾಗಿಸುವುದು ಅದನ್ನೇ.

ಜಾಗ ಇಲ್ಲದ ಸೊಸೈಟಿಯ ಕಸ ನಿಮ್ಮದೇ ಘಟಕಕ್ಕೆ ಬಂದರೆ ಸಾಲುರಾಶಿ ಹಾಕುವ ಪದ್ಧತಿ ಸುಲಭ. ರಾಶಿ ಒಂದೂವರೆಯಿಂದ ಎರಡು ಮೀಟರ್ ಎತ್ತರ, ಬುಡ 3 ಮೀಟರ್ ಅಗಲ. ಗಿಡ್ಡವಾದರೆ ಕಾವು ನಿಲ್ಲುವುದಿಲ್ಲ, ಎತ್ತರವಾದರೆ ನಡುವೆ ಗಾಳಿಯಾಡುವುದಿಲ್ಲ. ಬರೀ ಅಡುಗೆಮನೆ ಕಸ ಹಾಕಿದರೆ ಅದು ಕೆಸರಾಗಿ ಕೂರುತ್ತದೆ. ತೂಕದ ಐದನೇ ಒಂದು ಪಾಲು ಒಣ ಎಲೆ, ಕತ್ತರಿಸಿದ ಕೊಂಬೆ, ತೆಂಗಿನ ನಾರು ಬೆರೆಸಿ. ಇಂಗಾಲ-ಸಾರಜನಕದ ಪ್ರಮಾಣ 25-30ಕ್ಕೆ ಒಂದರಂತೆ ಇರಬೇಕು. ತೇವ 50-60 ಪರ್ಸೆಂಟ್: ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಹರಿಯಬಾರದು. ಎರಡು ಮೂರು ದಿನದಲ್ಲಿ ಒಳಗೆ 55-65 ಡಿಗ್ರಿಗೆ ಏರುತ್ತದೆ. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿ ದಿನಾ ಬರೆದಿಡಿ. ವಾರಕ್ಕೊಮ್ಮೆ ಮಗುಚಬೇಕು, ಒಟ್ಟು 28 ದಿನ. ಆಮೇಲೆ ಎರಡರಿಂದ ನಾಲ್ಕು ವಾರ ಹಾಗೇ ಮಾಗಲು ಬಿಟ್ಟು 4 ಮಿ.ಮೀ. ಜರಡಿ ಹಿಡಿಯಿರಿ. ಶುದ್ಧ ಹಸಿ ಕಸ ಟನ್ನಿಗೆ 200-250 ಕೆ.ಜಿ. ಗೊಬ್ಬರ ಕೊಡುತ್ತದೆ, ಬೆರಕೆ ಕಸವಾದರೆ ಟನ್ನಿಗೆ 150 ಕೆ.ಜಿ. ಸಿಗುವುದೂ ಕಷ್ಟ, ಅದರಲ್ಲೂ ಗಾಜಿನ ಚೂರು.

ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಇಲ್ಲ, ನೀರು ಜಾಸ್ತಿ: ಅಂದೇ ಮಗುಚಿ ಒಣ ಎಲೆ ಸೇರಿಸಿ. ಅಮೋನಿಯಾ ಘಾಟು ಬಂದರೆ ಸಾರಜನಕ ಹೆಚ್ಚು. ಕಾವು ಏರದೆ ಬೂದಿ ಬಣ್ಣಕ್ಕೆ ತಿರುಗಿದರೆ ಒಣಗಿದೆ. ಔಷಧಿ, ಕಲ್ಚರ್ ಸುರಿದು ವಾಸನೆ ಹೋಗಿಸಲು ಹೊರಟವರು ದುಡ್ಡು ಕಳೆಯುತ್ತಾರೆ, ರಾಶಿ ಹಾಗೇ ಇರುತ್ತದೆ.

ಹೋಟೆಲಿನ ಕಸ ಇದಕ್ಕೆ ಬೆರೆಸಬೇಡಿ. ಉಪ್ಪು, ಎಣ್ಣೆ, ಗ್ರೇವಿ ಜಾಸ್ತಿ, ರಾಶಿಯ ಉಸಿರು ಕಟ್ಟುತ್ತದೆ. ಅದು ಬಯೋಗ್ಯಾಸಿಗೆ ಸರಿ. ಒಳ್ಳೆಯ ಆಹಾರ ಕಸ ಟನ್ನಿಗೆ 80-100 ಘನ ಮೀಟರ್ ಅನಿಲ ಕೊಡುತ್ತದೆ, ಅದರಲ್ಲಿ ಮೀಥೇನ್ 55-60 ಪರ್ಸೆಂಟ್. ಡೈಜೆಸ್ಟರ್ (ಕಸ ಕೊಳೆಸುವ ಮುಚ್ಚಿದ ಟ್ಯಾಂಕ್) 35-38 ಡಿಗ್ರಿ, ಪಿಎಚ್ 6.8ರಿಂದ 7.4, ಕಸ ಒಳಗೆ ನಿಲ್ಲುವುದು 20-30 ದಿನ. ಮದುವೆ ಸೀಸನ್ನಿನಲ್ಲಿ ಒಂದೇ ಸಲ ಎರಡು ಪಟ್ಟು ಸುರಿದರೆ ಹುಳಿಯಾಗುತ್ತದೆ: ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಮೀಥೇನ್ ಮಾಡುವ ಸೂಕ್ಷ್ಮಜೀವಿಗಳು ನಿಲ್ಲುತ್ತವೆ, ಒಲೆ ಹಚ್ಚಿದರೆ ಉರಿ ಹತ್ತುವುದಿಲ್ಲ. ಆಗ ಉಣಿಸುವುದನ್ನು ನಿಲ್ಲಿಸಿ, ಸೋಡಾ ಅಥವಾ ಸುಣ್ಣ ಕೊಟ್ಟು, ಮೊದಲಿನ ಕಾಲು ಪ್ರಮಾಣದಿಂದ ಮತ್ತೆ ಶುರು ಮಾಡಬೇಕು. ಸರಿಯಾಗಲು ವಾರಗಳೇ ಹಿಡಿಯುತ್ತವೆ, ಅಷ್ಟು ದಿನ ಹೋಟೆಲಿನ ಕಸ ಎಲ್ಲಿಗೆ ಎಂಬುದಕ್ಕೆ ಎರಡನೇ ಜಾಗ ಗೊತ್ತುಮಾಡಿಟ್ಟಿರಿ.

ಮಾಪುಸಾ ಮಂದಿ:

ಉಳಿಯುವ 20-30 ಪರ್ಸೆಂಟ್ ಎಲ್ಲಿಗೆ ಎಂಬುದಕ್ಕೆ ಗೋವಾದ ಉದಾಹರಣೆ ಕೊಡುತ್ತೇನೆ. ಸಾಳಿಗಾಂವ್ ಘಟಕ 2016ರಲ್ಲಿ ದಿನಕ್ಕೆ 100 ಟನ್ ಸಾಮರ್ಥ್ಯದಿಂದ ಆರಂಭವಾಗಿ ಆಮೇಲೆ 250 ಟನ್ನಿಗೆ ಏರಿತು. ಅಲ್ಲಿ ಹಸಿ ಕಸ ಬಯೋಗ್ಯಾಸಿಗೆ, ಅನಿಲ ವಿದ್ಯುತ್ತಿಗೆ. ಮರುಬಳಕೆ ಆಗದ ಒಣ ಕಸವನ್ನು ಒತ್ತಿ ಬಿಗಿದು ಬೇಲ್ ಕಟ್ಟಿ ನಮ್ಮ ಕರ್ನಾಟಕದ ಸಿಮೆಂಟ್ ಕಾರ್ಖಾನೆಗಳಿಗೆ ಕಳಿಸುತ್ತಾರೆ. ನಿಮ್ಮ ಪಿಂಪ್ರಿ-ಚಿಂಚವಡದಲ್ಲೇ ಮೋಶಿಯಲ್ಲಿ 2023ರಿಂದ ಕಸದಿಂದ 14 ಮೆಗಾವಾಟ್ ವಿದ್ಯುತ್ ಮಾಡುವ ಘಟಕವಿದೆ, ದಿನಕ್ಕೆ ಸುಮಾರು 700 ಟನ್ ಬೇಡುವಂಥದ್ದು.

ಸಿಮೆಂಟ್ ಗೂಡಿನಲ್ಲಿ ಕಲ್ಲು 1,450 ಡಿಗ್ರಿಯಲ್ಲಿ ಬೇಯುತ್ತದೆ, ಪ್ಲಾಸ್ಟಿಕ್ ಪೂರ್ತಿ ಉರಿದು ಬೂದಿಯೂ ಕ್ಲಿಂಕರಿನಲ್ಲೇ (ಅರೆದರೆ ಸಿಮೆಂಟ್ ಆಗುವ ಬೆಂದ ಗಟ್ಟಿಯಲ್ಲೇ) ಸೇರಿಹೋಗುತ್ತದೆ, ಹೂಳಲು ಏನೂ ಉಳಿಯುವುದಿಲ್ಲ. ಆದರೆ ಅವರು ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ತೇವ 20 ಪರ್ಸೆಂಟಿನೊಳಗೆ, ತುಂಡು 50-75 ಮಿ.ಮೀ.ಗೆ ಕತ್ತರಿಸಿದ್ದು, ಕ್ಲೋರಿನ್ 1 ಪರ್ಸೆಂಟಿಗಿಂತ ಕಡಿಮೆ. ಕ್ಲೋರಿನ್ ಬರುವುದು ಪಿವಿಸಿಯಿಂದ: ಪೈಪಿನ ತುಂಡು, ಫ್ಲೆಕ್ಸ್ ಬ್ಯಾನರ್, ರೆಕ್ಸಿನ್. ಅದು ಗೂಡಿನ ಒಳಗೋಡೆಗೆ ಗಟ್ಟಿ ಪದರವಾಗಿ ಕಟ್ಟುತ್ತದೆ, ಗೂಡು ನಿಲ್ಲಿಸಿ ಒಡೆಯಬೇಕು. ಚುನಾವಣೆ ಮುಗಿದ ವಾರ ಬ್ಯಾನರ್‌ಗಳು ರಾಶಿ ಬರುತ್ತವೆ, ಅವನ್ನು ಆರಿಸಿ ತೆಗೆಯಲೇಬೇಕು.

ಬೇಲ್‌ಗಳನ್ನು ಬಯಲಲ್ಲಿ ಇಟ್ಟರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅವು ನೀರು ಕುಡಿದು ತೂಕ ಏರುತ್ತವೆ. ಕಾರ್ಖಾನೆ ಗೇಟಿನಲ್ಲಿ ಲಾರಿ ವಾಪಸ್ ಬಂತೆಂದರೆ ಹೋಗಿಬರುವ ಬಾಡಿಗೆ ಎರಡೂ ನಿಮ್ಮ ತಲೆಗೆ. ಮಾಡಿನ ಕೆಳಗೆ, ನೆಲದಿಂದ ಅರ್ಧ ಅಡಿ ಎತ್ತರದ ಕಟ್ಟೆ ಮೇಲೆ ಇಡಿ. ಬೇಲ್ ಸಾಲುಗಳ ನಡುವೆ ಬೆಂಕಿ ಗಾಡಿ ನುಗ್ಗುವಷ್ಟು ದಾರಿ ಬಿಡಿ.

ಮುಲುಂಡ್ ಚೆಕ್‌ನಾಕಾ:

ಭೂಭರ್ತಿಯ, ಅಂದರೆ ಕೊನೆಗೆ ಉಳಿದ ಕಸ ಹೂಳುವ ಜಾಗದ ಬಗ್ಗೆ ಯಾರೂ ಹೇಳಿಲ್ಲ. ವಾಕಡ್ ಅವರೇ, ನೀವು ಅದನ್ನು ನಡೆಸುವುದಿಲ್ಲ, ಆದರೆ ನಿಮ್ಮ ಕೊನೆಯ ಕಸ ಯಾರ ಗೇಟಿಗೆ ಹೋಗುತ್ತದೋ ಅವರ ಕಷ್ಟ ತಿಳಿದಿದ್ದರೆ ಗೇಟಿನಲ್ಲಿ ಏಕೆ ನಿಲ್ಲಿಸುತ್ತಾರೆ ಎಂದು ಗೊತ್ತಾಗುತ್ತದೆ.

ಮುಂಬೈನ ದೇವನಾರ್ 1927ರಲ್ಲಿ ಶುರುವಾದ ತಿಪ್ಪೆ. ಕೆಳಗೆ ಹಾಸಿಲ್ಲ, ಮೇಲೆ ಮುಚ್ಚಿಲ್ಲ. 2016ರ ಜನವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿಯ ಹೊಗೆ ದಿನಗಟ್ಟಲೆ ನಗರದ ಮೇಲೆ ನಿಂತಿತ್ತು. ಆಳದಲ್ಲಿ ಗಾಳಿಯಿಲ್ಲದೆ ಕೊಳೆಯುವ ಹಸಿ ಕಸ ಮೀಥೇನ್ ಬಿಡುತ್ತದೆ, ಒಂದು ಕಿಡಿ ಸಾಕು. ನೀರು ಹೊಡೆದರೂ ಒಳಗಿನ ಕೆಂಡ ಆರುವುದಿಲ್ಲ, ಅಗೆದು ಹರಡಿ ಮಣ್ಣು ಹಾಕಬೇಕು.

ಸರಿಯಾಗಿ ಕಟ್ಟಿದ ಭೂಭರ್ತಿಗೆ 2016ರ ನಿಯಮ ಕೊಟ್ಟಿದ್ದ ಅಳತೆ ಹೀಗೆ: ತಳದಲ್ಲಿ 90 ಸೆಂ.ಮೀ. ನೀರು ಜಿನುಗದ ಜೇಡಿಮಣ್ಣು, ಅದರ ಮೇಲೆ ಒಂದೂವರೆ ಮಿ.ಮೀ. ದಪ್ಪದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಾಳೆ, ಅಂತರ್ಜಲ ತಳದಿಂದ ಕನಿಷ್ಠ 2 ಮೀಟರ್ ಕೆಳಗೆ. ಹಾಳೆಯ ಮೇಲೆ ಜಲ್ಲಿ, ಜಲ್ಲಿಯೊಳಗೆ ತೂತಿನ ಪೈಪು, ಅದರ ಮೂಲಕ ಕಸದ ನೀರು ಹೊಂಡಕ್ಕೆ. ದಿನದ ಕೊನೆಗೆ 10 ಸೆಂ.ಮೀ. ಮಣ್ಣಿನ ಹೊದಿಕೆ, ಮಳೆಗಾಲಕ್ಕೆ ಮೊದಲು 40-65 ಸೆಂ.ಮೀ. ದಿನದ ಹೊದಿಕೆ ತಪ್ಪಿಸಿದರೆ ನೊಣ, ಹದ್ದು, ನಾಯಿ, ಬೆಂಕಿ ಒಟ್ಟಿಗೇ ಬರುತ್ತವೆ.

ಮಳೆಯ ಲೆಕ್ಕ ನೋಡಿ. ಮುಂಬೈನಲ್ಲಿ ಒಂದೇ ದಿನ 100 ಮಿ.ಮೀ. ಬೀಳುವುದು ಪ್ರತಿ ವರ್ಷದ ಮಾತು. ಒಂದು ಹೆಕ್ಟೇರ್ ತೆರೆದ ಕಸದ ಮೇಲೆ ಅದು 10 ಲಕ್ಷ ಲೀಟರ್. ಕಸಕ್ಕೆ ತಾಗಿದ ಮೇಲೆ ಅದು ಮಳೆನೀರಲ್ಲ, ಅಷ್ಟನ್ನೂ ಶುದ್ಧಿ ಮಾಡಬೇಕು. ದಿನಕ್ಕೆ 2 ಲಕ್ಷ ಲೀಟರ್ ಶುದ್ಧಿ ಮಾಡುವ ಘಟಕಕ್ಕೆ ಒಂದು ದಿನದ ಮಳೆ ಐದು ದಿನದ ಕೆಲಸ. ಅದಕ್ಕೇ ಮೇ ತಿಂಗಳಲ್ಲೇ ಕೆಲಸದ ಮುಖವನ್ನು, ಅಂದರೆ ಕಸ ಸುರಿಯುವ ತೆರೆದ ಭಾಗವನ್ನು, ಕಿರಿದು ಮಾಡಿ ಉಳಿದದ್ದಕ್ಕೆಲ್ಲ ಹಾಳೆ ಹೊದಿಸಿ, ಬದಿಯಲ್ಲಿ ಬೇರೆ ಚರಂಡಿ ತೆಗೆಯುತ್ತಾರೆ. ಕಾಂಜೂರ್‌ಮಾರ್ಗದಲ್ಲಿರುವುದು ಬಯೋರಿಯಾಕ್ಟರ್ ಮಾದರಿ: ಕಸದ ನೀರನ್ನೇ ಮತ್ತೆ ಒಳಗೆ ಹಾಯಿಸಿ ಬೇಗ ಕೊಳೆಸಿ ಅನಿಲ ಎಳೆಯುವುದು. ಅದರಲ್ಲಿ ಹೊದಿಕೆ ಮತ್ತು ಅನಿಲದ ಪೈಪು ಒಂದು ದಿನ ಹಿಂದೆ ಬಿದ್ದರೂ ಸುತ್ತಲಿನ ಮನೆಗಳಿಗೆ ವಾಸನೆ ಹೋಗುತ್ತದೆ.

ಕಾಟಾ ಚೀಟಿ:

ದುಡ್ಡಿನ ಮಾತು ಚಿಕ್ಕದಾಗಿ. ಸೊಸೈಟಿ ನಿಮಗೆ ಮನೆ ಲೆಕ್ಕದಲ್ಲಿ ಕೊಡುತ್ತದೆ, ಘಟಕ ನಿಮ್ಮಿಂದ ಟನ್ ಲೆಕ್ಕದಲ್ಲಿ ತೆಗೆದುಕೊಳ್ಳುತ್ತದೆ. ನಡುವಿನ ವ್ಯತ್ಯಾಸ ನಿಮ್ಮ ಬದುಕು. ಆದ್ದರಿಂದ ಪ್ರತಿ ಟ್ರಿಪ್ಪಿನ ಕಾಟಾ ಚೀಟಿ (ಗಾಡಿ ತೂಗಿದ ರಸೀದಿ) ಬೇಕು: ತುಂಬಿದ ತೂಕ, ಖಾಲಿ ತೂಕ, ವೇಳೆ, ಗಾಡಿ ನಂಬರ್. ಖಾಲಿ ತೂಕವನ್ನು ಕಂಪ್ಯೂಟರಿನಲ್ಲಿ ಹಳೆಯದ್ದೇ ಇಟ್ಟುಕೊಂಡಿದ್ದರೆ ಒಪ್ಪಬೇಡಿ, ಪ್ರತಿ ಸಲ ಖಾಲಿ ಗಾಡಿ ಹತ್ತಿಸಿ. ಕಾಟಾಕ್ಕೆ ಕಾನೂನು ಮಾಪನ ಇಲಾಖೆಯ ಆ ವರ್ಷದ ಮುದ್ರೆ ಇದೆಯೇ ನೋಡಿ.

ಸೊಸೈಟಿಯೊಳಗೆ ಫ್ಲ್ಯಾಟ್ ದುರಸ್ತಿ ನಡೆದರೆ ರಾಡಾರೋಡಾ (ಒಡೆದ ಇಟ್ಟಿಗೆ, ಗಾರೆ) ಬಿನ್ನಿಗೆ ಬೀಳುತ್ತದೆ. ಒಂದು ಬಿನ್ ಇಟ್ಟಿಗೆ ಚೂರು 250 ಕೆ.ಜಿ. ಮೀರುತ್ತದೆ, ಲಿಫ್ಟರ್ ಮುರಿಯುತ್ತದೆ, ಗೇಟಿನಲ್ಲಿ ಇಡೀ ಗಾಡಿ ತಿರಸ್ಕಾರ. ರಾಡಾರೋಡಾ ಬೇರೆ ದರ, ಬೇರೆ ಗಾಡಿ ಎಂದು ಕರಾರಿನಲ್ಲೇ ಬರೆಯಿರಿ.

ಹಣ ಬರುವುದು ತಡ. ಸಂಬಳ, ಪಿಎಫ್, ಇಎಸ್‌ಐ, ಡೀಸೆಲ್ ಎಲ್ಲ ಸೇರಿ ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ. ಡೀಸೆಲ್ ದರ ಮತ್ತು ಕನಿಷ್ಠ ವೇತನ ಏರಿದಂತೆ ನಿಮ್ಮ ದರವೂ ಏರುವ ಸೂತ್ರ ಇಲ್ಲದ ಕರಾರಿಗೆ ಸಹಿ ಹಾಕಬೇಡಿ. ಪಾಲಿಕೆಯ ಅನುಮತಿ, ಘಟಕ ನಡೆಸುವುದಾದರೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ, ಇವು ಮೊದಲು.

ವಾಕಡ್ ಕನ್ನಡಿಗ:

ಎಲ್ಲರಿಗೂ ತುಂಬಾ ಧನ್ಯವಾದ. ಒಂದೇ ಪ್ರಶ್ನೆ ಉಳಿಯಿತು. ಎರಡು ಸೊಸೈಟಿಯಲ್ಲಿ ಬಿನ್ ಇಡುವ ಜಾಗಕ್ಕೆ ಮಾಡು ಇಲ್ಲ, ಕಾಂಪೌಂಡ್ ಗೋಡೆ ಪಕ್ಕ ಬಯಲಲ್ಲೇ ಇವೆ. ಶೆಡ್ ಕಟ್ಟಿಸಿ ಎಂದರೆ ಕಮಿಟಿಯವರು ಖರ್ಚು ಏಕೆ ಎನ್ನುತ್ತಾರೆ. ಏನು ಹೇಳಲಿ?

ಕಾಟಾ ಚೀಟಿ:

ಅಂಕಿ ಹೇಳಿ ಸರ್. ಮುಚ್ಚಳ ತೆರೆದ ಒಂದು ಬಿನ್ನಿಗೆ ರಾತ್ರಿ ಮಳೆಯಲ್ಲಿ 10 ಲೀಟರ್ ನೀರು ಸೇರಿತು ಎಂದರೆ 10 ಕೆ.ಜಿ. ಹತ್ತು ಬಿನ್ನಿಗೆ 100 ಕೆ.ಜಿ., ಮಳೆ ಹಿಡಿದ ತಿಂಗಳಿಗೆ 3 ಟನ್. ಆ 3 ಟನ್ ನೀರಿಗೆ ನೀವು ಘಟಕದ ಗೇಟಿನಲ್ಲಿ ದುಡ್ಡು ಕಟ್ಟುತ್ತೀರಿ, ಎರೆಹುಳು ಅವರು ಹೇಳಿದ ಒಣ ಎಲೆ ಇನ್ನಷ್ಟು ಬೇಕಾಗುತ್ತದೆ, ಗೇಟಿನಿಂದ ರಸ್ತೆ ತನಕ ಕಸದ ನೀರು ಸೋರುತ್ತದೆ. ಮಾಡು ಇರುವ ಸೊಸೈಟಿಗೆ ಒಂದು ದರ, ಇಲ್ಲದ ಸೊಸೈಟಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಚ್ಚಿನ ದರ ಎಂದು ಎರಡು ಕೊಟೇಶನ್ ಒಟ್ಟಿಗೆ ಕೊಡಿ.

ಭೋಸರಿ ಗ್ಯಾರೇಜ್:

ಶೆಡ್ ಒಪ್ಪಿದರೆ ಅಳತೆಯನ್ನೂ ನೀವೇ ಕೊಡಿ. ಹತ್ತು ಬಿನ್ನಿಗೆ 15 ಅಡಿ ಉದ್ದ, 8 ಅಡಿ ಅಗಲ, ಲಿಫ್ಟರ್ ಹತ್ತಿರ ಬರಲು ಮುಂದೆ 12 ಅಡಿ ಖಾಲಿ. ನೆಲ ಕಾಂಕ್ರೀಟ್, ಹಿಂದಕ್ಕೆ ಸ್ವಲ್ಪ ಇಳಿಜಾರು, ಮೂಲೆಯಲ್ಲಿ ಜಾಲರಿ ಹಾಕಿದ ಕಿಂಡಿ. ಅದರ ಪೈಪು ಮಳೆನೀರಿನ ಚರಂಡಿಗೆ ಅಲ್ಲ, ಸೊಸೈಟಿಯ ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧಿ ಮಾಡುವ ಘಟಕಕ್ಕೆ) ಸೇರಬೇಕು. ಬಿನ್ ತೊಳೆಯಲು ಒಂದು ನಲ್ಲಿ. ಬಾಗಿಲ ಹತ್ತಿರ ಹೊಸ್ತಿಲು ಕಟ್ಟಿಸಬೇಡಿ, 100 ಕೆ.ಜಿ. ಬಿನ್ನಿನ ಗಾಲಿ ಅದರ ಮೇಲೇ ಮುರಿಯುವುದು.